ಕುಳಿತರೆ ಹೋಗುವ ನೋವು

(ಮುಂಬಯಿಯಲ್ಲಿ ಸಂಘದ ರವಿವಾರದ ಸಭೆಯಲ್ಲಿ ಮಾಡಿದ ಭಾಷಣ)



ಈ ದಿನ ಬೆನ್ನು ಮತ್ತು ಕಾಲುನೋವಿನ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ನನಗೆ ಅಪ್ಪಣೆ ಮಾಡಿದ್ದಾರೆ. ನಾನು ಡಾಕ್ಟರನಲ್ಲ. ಊರಿನಲ್ಲಿ ಏಳನೆಯ ತರಗತಿ ಮುಗಿಸಿ ಮುಂಬಯಿಗೆ ಬಂದು, ಮೊದಲು ಮೋರಿಯಲ್ಲಿ ತಟ್ಟೆ ತೊಳೆದು, ಆಮೇಲೆ ಸಪ್ಲಾಯರನಾಗಿ, ಈಗ ಸಂಘದ ಕೆಲಸ ಮಾಡುತ್ತಿರುವವನು. ಔಷಧ ಹೇಳುವ ಅಧಿಕಾರ ನನಗಿಲ್ಲ. ಆದರೆ ನಮ್ಮವರೊಬ್ಬರನ್ನು ಕರೆದುಕೊಂಡು ಸುಮಾರು ಒಂದು ವರುಷ ಮುನಿಸಿಪಾಲಿಟಿಯ ಆಸ್ಪತ್ರೆಗೆ ಅಲೆದಿದ್ದೇನೆ. ಸಾಲಿನಲ್ಲಿ ನಿಂತು, ಬೆಂಚಿನ ಮೇಲೆ ಕಾದು, ಡಾಕ್ಟರರಿಗೆ ಬೇಸರ ಬರುವಷ್ಟು ಪ್ರಶ್ನೆ ಕೇಳಿ, ಹಳೆಯ ಬಿಲ್ ಪುಸ್ತಕದ ಹಾಳೆಗಳ ಹಿಂದೆ ಬರೆದುಕೊಂಡು ಬಂದಿದ್ದೇನೆ. ಅದನ್ನೇ ನಿಮ್ಮ ಮುಂದೆ ಇಡುತ್ತೇನೆ.

ಅದಕ್ಕೂ ಮೊದಲು ನಾನು ಮಾಡಿದ ಒಂದು ತಪ್ಪನ್ನು ಹೇಳಬೇಕು. ಯಾರ ವಿಷಯ ಹೇಳುತ್ತೇನೆಯೋ ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ.

ನಾನು ಸಪ್ಲಾಯರನಾಗಿದ್ದ ಹೋಟೆಲಿನಲ್ಲಿ ದೋಸೆಯ ಕಾವಲಿಗೆ ಒಬ್ಬ ಹಿರಿಯರಿದ್ದರು. ನಾವೆಲ್ಲ ಅವರನ್ನು ದೋಸೆ ಅಣ್ಣ ಎಂದು ಕರೆಯುತ್ತಿದ್ದೆವು. ವಯಸ್ಸು ಐವತ್ತಾರು. ಮೂವತ್ತು ವರುಷ ಕಾವಲಿಯ ಮುಂದೆಯೇ ನಿಂತವರು. ಬೆಳಿಗ್ಗೆ ಆರಕ್ಕೆ ಒಲೆ ಹೊತ್ತಿಸಿದರೆ ಹನ್ನೊಂದರವರೆಗೆ ಕದಲುತ್ತಿರಲಿಲ್ಲ. ಅಂಥವರು ಒಂದು ಮಳೆಗಾಲದಲ್ಲಿ ಹತ್ತು ಹತ್ತು ಮಿನಿಟಿಗೆ ಎಣ್ಣೆಯ ಡಬ್ಬವನ್ನು ಬೋರಲು ಹಾಕಿ ಅದರ ಮೇಲೆ ಕೂರತೊಡಗಿದರು. ಗಿರಾಕಿಗಳು ಕೂಗುತ್ತಾರೆ, ಕಾವಲಿ ಕಾಯುತ್ತದೆ, ಇವರು ಡಬ್ಬದ ಮೇಲೆ ಮುಂದಕ್ಕೆ ಬಗ್ಗಿ ಕುಳಿತಿದ್ದಾರೆ. ಎರಡು ಮಿನಿಟು ಕುಳಿತು, ಏನೂ ಆಗದವರ ಹಾಗೆ ಏಳುತ್ತಾರೆ. ಮತ್ತೆ ಹತ್ತು ಮಿನಿಟಿಗೆ ಡಬ್ಬ. ‘ಮಾಣಿ, ನಿಂತರೆ ಕಾಲಿಗೆ ಸೀಸ ತುಂಬಿದ ಹಾಗೆ ಆಗ್ತದೆ ಮಾರಾಯ, ಕೂತರೆ ಹೋಗ್ತದೆ’ ಎಂದು ನನ್ನೊಡನೆ ಹೇಳಿದರು. ಕೂತರೆ ಹೋಗುವ ರೋಗ ಯಾವುದಿದೆ ಎಂದುಕೊಂಡೆ. ‘ದೋಸೆ ಅಣ್ಣನಿಗೆ ಕೂರುವ ರೋಗ ಬಂದಿದೆ’ ಎಂದು ಒಳಗೂ ಹೊರಗೂ ಹೇಳಿ ಹುಡುಗರನ್ನು ನಗಿಸಿದೆ. ಮಾತು ಗಲ್ಲಾದವರೆಗೂ ಹೋಯಿತು.

ಅವರು ಬೆಳಿಗ್ಗೆ ಸೈಕಲ್ಲಿನಲ್ಲಿ ಮಾರ್ಕೆಟ್ಟಿಗೆ ಹೋಗಿ ತೆಂಗಿನಕಾಯಿ ತರುತ್ತಿದ್ದರು. ಆಗ ಅವರ ಕಾಲಿಗೆ ಯಾವ ತೊಂದರೆಯೂ ಇರಲಿಲ್ಲ. ಧಣಿಗಳು ಅದನ್ನೇ ಹಿಡಿದರು. ‘ಸೈಕಲ್ ತುಳಿಯಲಿಕ್ಕೆ ಕಾಲು ಉಂಟು, ಕಾವಲಿಗೆ ನಿಲ್ಲಲಿಕ್ಕೆ ಇಲ್ಲವಾ?’ ಎಂದರು. ಅದಕ್ಕೆ ನಮ್ಮಲ್ಲಿ ಯಾರ ಹತ್ತಿರವೂ ಉತ್ತರವಿರಲಿಲ್ಲ. ಆ ದೀಪಾವಳಿಗೆ ಮೊದಲೇ ಅವರ ಲೆಕ್ಕ ಚುಕ್ತಾ ಆಯಿತು.

ವರುಷ ಕಳೆದು, ನಾನು ಸಂಘದ ಕೆಲಸಕ್ಕೆ ಬಂದ ಮೇಲೆ, ಒಂದು ಸಂಜೆ ರೈಲ್ವೆ ಸೇತುವೆಯ ಮೇಲೆ ಅವರನ್ನು ಕಂಡೆ. ಕಂಬಿಯ ಮೇಲೆ ಎರಡೂ ಕೈ ಊರಿ, ಮುಂದಕ್ಕೆ ಬಾಗಿ ನಿಂತಿದ್ದರು. ಸ್ಟೇಶನ್ನಿನಿಂದ ಖೋಲಿಗೆ ಹತ್ತು ಮಿನಿಟಿನ ದಾರಿ. ಅವರು ನಾಲ್ಕು ಕಡೆ ಕುಳಿತು ಮುಕ್ಕಾಲು ಗಂಟೆಯಲ್ಲಿ ಮುಟ್ಟುತ್ತಿದ್ದರು. ಮರುದಿನ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿಯ ಎಳೆಯ ಡಾಕ್ಟರರು ಮರಾಠಿಯಲ್ಲಿ ಮೂರು ಪ್ರಶ್ನೆ ಕೇಳಿದರು. ನಿಂತರೆ ಹೆಚ್ಚೋ, ಕುಳಿತರೆ ಹೆಚ್ಚೋ? ಮುಂದಕ್ಕೆ ಬಾಗಿದರೆ ಹಾಯೆನಿಸುತ್ತದೆಯೋ? ಸೈಕಲ್ ತುಳಿಯಲು ಆಗುತ್ತದೆಯೋ? ‘ಸೈಕಲ್ಲಿಗೆ ಏನೂ ತೊಂದರೆ ಇಲ್ಲ’ ಎಂದೊಡನೆ ಅವರು ತಲೆಯಾಡಿಸಿ ಕಾಗದದ ಮೇಲೆ ರೋಗದ ಹೆಸರು ಬರೆದರು: ಸ್ಪೈನಲ್ ಸ್ಟೆನೋಸಿಸ್. ಯಾವ ಸಾಕ್ಷಿಯಿಂದ ನಾವು ಆ ಮನುಷ್ಯನನ್ನು ಸುಳ್ಳುಗಾರನೆಂದು ತೀರ್ಮಾನಿಸಿದ್ದೆವೋ, ಅದೇ ಸಾಕ್ಷಿಯಿಂದ ಡಾಕ್ಟರರಿಗೆ ರೋಗ ಗೊತ್ತಾಯಿತು. ನನಗೆ ತಲೆ ಎತ್ತಲಾಗಲಿಲ್ಲ.

ಈಗ ರೋಗದ ವಿಷಯಕ್ಕೆ ಬರೋಣ.

ಸ್ಟೆನೋಸಿಸ್ ಎಂದರೆ ಇಕ್ಕಟ್ಟಾಗುವುದು. ನಮ್ಮ ಬೆನ್ನೆಲುಬು ಒಂದೇ ಎಲುಬಲ್ಲ. ಒಂದರ ಮೇಲೊಂದು ಕೂರಿಸಿದ ಮಣಿಗಳು. ಕುತ್ತಿಗೆಯಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5. ಎರಡು ಮಣಿಗಳ ನಡುವೆ ಮೆತ್ತನೆಯ ಗಾದಿಯಿದೆ. ಅದಕ್ಕೆ ಡಿಸ್ಕ್ ಎನ್ನುತ್ತಾರೆ. ಮಣಿಗಳಲ್ಲಿರುವ ತೂತುಗಳು ಒಂದಕ್ಕೊಂದು ನೇರವಾಗಿ ಬಂದು ಮೇಲಿನಿಂದ ಕೆಳಗಿನವರೆಗೆ ಒಂದು ಕೊಳವೆಯಾಗಿದೆ. ಮೆದುಳಿನಿಂದ ಇಳಿದು ಬರುವ ಬೆನ್ನುಹುರಿ ಇರುವುದು ಇದರೊಳಗೆ. ಪ್ರಾಯದವರಲ್ಲಿ ಆ ಹುರಿ ಸೊಂಟದ ಮೊದಲನೆಯ ಎರಡನೆಯ ಮಣಿಯ ಹತ್ತಿರ ಮುಗಿಯುತ್ತದೆ. ಅಲ್ಲಿಂದ ಕೆಳಗೆ ನರಗಳ ಒಂದು ಗೊಂಚಲು ಇಳಿಯುತ್ತದೆ. ನೋಡಲು ಕುದುರೆಯ ಬಾಲದ ಹಾಗಿರುವುದರಿಂದ ವೈದ್ಯಶಾಸ್ತ್ರದಲ್ಲಿ ಅದಕ್ಕೆ ಕುದುರೆಬಾಲವೆಂದೇ ಹೆಸರು. ಕಾಲುಗಳ ಬಲ, ಸ್ಪರ್ಶಜ್ಞಾನ, ಮಲಮೂತ್ರಗಳ ಹತೋಟಿ ಎಲ್ಲ ಈ ನರಗಳದ್ದು.

ನಮ್ಮ ಚಾಳುಗಳ ಓಣಿಯನ್ನು ನೆನೆಸಿಕೊಳ್ಳಿ. ಕಟ್ಟಿದಾಗ ಇಬ್ಬರು ಎದುರೆದುರು ಸರಾಗವಾಗಿ ಹೋಗುವಷ್ಟು ಅಗಲವಿರುತ್ತದೆ. ವರುಷಗಳು ಕಳೆದ ಹಾಗೆ ಒಬ್ಬರು ನೀರಿನ ಡ್ರಮ್ಮು ಇಡುತ್ತಾರೆ, ಇನ್ನೊಬ್ಬರು ಹಳೆಯ ಕಪಾಟು ಇಡುತ್ತಾರೆ, ಮತ್ತೊಬ್ಬರು ಗೋಡೆಗೆ ಹಲಗೆ ಹೊಡೆಯುತ್ತಾರೆ. ಗೋಡೆಗಳು ಇದ್ದಲ್ಲೇ ಇವೆ, ದಾರಿ ಮಾತ್ರ ಇಕ್ಕಟ್ಟಾಯಿತು. ಬೆನ್ನಿನಲ್ಲಿಯೂ ಹಾಗೆಯೇ. ವಯಸ್ಸಾದಂತೆ ಮುಂದುಗಡೆಯ ಗಾದಿ ಒಣಗಿ, ಕುಗ್ಗಿ, ಕೊಳವೆಯೊಳಗೆ ಉಬ್ಬುತ್ತದೆ. ಪಕ್ಕದ ಕೀಲುಗಳು ಸವೆದು ಅಲ್ಲಿ ಎಲುಬು ಹೆಚ್ಚಿಗೆ ಬೆಳೆಯುತ್ತದೆ. ಹಿಂದುಗಡೆಯ ಕಟ್ಟುನಾರು ದಪ್ಪವಾಗುತ್ತದೆ. ಕೆಲವರಲ್ಲಿ ಒಂದು ಮಣಿ ಇನ್ನೊಂದರ ಮೇಲೆ ಸ್ವಲ್ಪ ಜಾರಿರುತ್ತದೆ. ಕೆಲವರಿಗೆ ಹುಟ್ಟಿನಿಂದಲೇ ಕೊಳವೆ ಕಿರಿದು. ಸೊಂಟದ ನಾಲ್ಕನೆಯ ಐದನೆಯ ಮಣಿಗಳ ನಡುವೆ ಈ ಇಕ್ಕಟ್ಟು ಹೆಚ್ಚು. ಕೊಳವೆಯ ಅಗಲ ಮುಂದಿನಿಂದ ಹಿಂದಕ್ಕೆ ಸಾಧಾರಣವಾಗಿ 15 ಮಿಲಿಮೀಟರಿಗೆ ಕಡಿಮೆಯಿರುವುದಿಲ್ಲ. 10ಕ್ಕಿಂತ ಕೆಳಗಿಳಿದರೆ ಬಹಳ ಇಕ್ಕಟ್ಟೆಂದು ಲೆಕ್ಕ. ಸೊಂಟದ ಈ ಇಕ್ಕಟ್ಟಿಗೂ ನಡೆಯುವಾಗಿನ ಕಾಲುನೋವಿಗೂ ಇರುವ ಸಂಬಂಧವನ್ನು 1954ರಲ್ಲಿ ಸ್ಪಷ್ಟವಾಗಿ ಬರೆದು ತೋರಿಸಿದವರು ಹಾಲೆಂಡಿನ ಶಸ್ತ್ರವೈದ್ಯ ಹೆಂಕ್ ವರ್ಬೀಸ್ಟ್.

ಇನ್ನು, ಕುಳಿತರೆ ನೋವು ಹೋಗುವುದೇಕೆ? ನೆಟ್ಟಗೆ ನಿಂತಾಗ ಸೊಂಟ ಒಳಕ್ಕೆ ಬಾಗಿ, ದಪ್ಪವಾದ ನಾರು ಮಡಿಸಿಕೊಂಡು, ಕೊಳವೆ ಇನ್ನಷ್ಟು ಕಿರಿದಾಗುತ್ತದೆ. ನರಗಳು ಅದುಮಿಕೊಳ್ಳುತ್ತವೆ, ಅವುಗಳಿಗೆ ರಕ್ತ ಸರಿಯಾಗಿ ಹರಿಯುವುದಿಲ್ಲ. ಮುಂದಕ್ಕೆ ಬಾಗಿದರೆ ಅಥವಾ ಕುಳಿತರೆ ನಾರು ಎಳೆದುಕೊಂಡು ದಾರಿ ಸ್ವಲ್ಪ ಅಗಲವಾಗುತ್ತದೆ. ಸೈಕಲ್ಲಿನ ಮೇಲೆ ನಾವು ಬಾಗಿಯೇ ಕುಳಿತಿರುತ್ತೇವೆ; ಆದುದರಿಂದ ಅಲ್ಲಿ ತೊಂದರೆಯಿಲ್ಲ. ಕೈಗಾಡಿ ತಳ್ಳುವಾಗ ಹಾಯಾಗುವುದು, ಏರು ಹತ್ತುವುದು ಸುಲಭವಾಗಿ ಇಳಿಜಾರು ಇಳಿಯುವುದು ಕಷ್ಟವಾಗುವುದು ಇದೇ ಕಾರಣದಿಂದ.

ಲಕ್ಷಣಗಳನ್ನು ನೆನಪಿಡಿ. ವಯಸ್ಸು ಹೆಚ್ಚಾಗಿ ಐವತ್ತರ ಮೇಲೆ. ನಿಂತಾಗ, ನಡೆದಾಗ, ಕುಂಡೆಯಿಂದ ತೊಡೆ, ಮೀನಖಂಡದವರೆಗೆ ನೋವು, ಭಾರ, ಜೋಮು; ಹೆಚ್ಚಾಗಿ ಎರಡೂ ಕಾಲಿಗೆ. ಕೆಲವರಿಗೆ ನೋವಿಗಿಂತ ‘ಕಾಲು ನನ್ನದಲ್ಲ’ ಎಂಬ ಭಾವನೆಯೇ ಮುಂದು. ನಡೆಯಬಲ್ಲ ದೂರ ತಿಂಗಳಿಂದ ತಿಂಗಳಿಗೆ ಕಡಿಮೆಯಾಗುತ್ತದೆ. ಸೊಂಟನೋವು ಇರಬಹುದು, ಇಲ್ಲದೆಯೂ ಇರಬಹುದು.

ಎಲ್ಲ ಕಾಲುನೋವೂ ಇದೇ ಅಲ್ಲ. ಬೀಡಿ ಸಿಗರೇಟು ಸೇದುವವರಿಗೆ ಕಾಲಿನ ರಕ್ತನಾಳ ಕಟ್ಟಿಕೊಂಡು ನಡೆಯುವಾಗ ಮೀನಖಂಡ ಹಿಡಿಯುವುದುಂಟು. ಅದು ಕುಳಿತುಕೊಳ್ಳದೆ ಬರಿದೇ ನಿಂತರೂ ಹೋಗುತ್ತದೆ. ಸೈಕಲ್ ತುಳಿದರೂ ಬರುತ್ತದೆ. ಪಾದದ ನಾಡಿ ಕ್ಷೀಣವಾಗಿರುತ್ತದೆ. ಸಕ್ಕರೆ ಕಾಯಿಲೆಯವರಿಗೆ ಅಂಗಾಲು ಉರಿಯುವುದು ರಾತ್ರಿ ಹೆಚ್ಚು, ಅದು ಕುಳಿತರೆ ಹೋಗುವುದಿಲ್ಲ. ಪ್ರಾಯದ ಹುಡುಗರಿಗೆ ಮೂಟೆ ಎತ್ತಿ ಡಿಸ್ಕ್ ಜರುಗಿದರೆ ಸಾಧಾರಣವಾಗಿ ಒಂದು ಕಾಲಿಗೆ ಎಳೆತ. ಬಾಗಿದರೆ, ಕುಳಿತರೆ ಅದು ಹೆಚ್ಚುತ್ತದೆ. ಒಂದೊಂದಕ್ಕೆ ಒಂದೊಂದು ಚಿಕಿತ್ಸೆ. ಆದುದರಿಂದ ಪಕ್ಕದ ಖೋಲಿಯವರ ಗುಳಿಗೆಯನ್ನು ಇಸಿದುಕೊಂಡು ನುಂಗಬೇಡಿ.

ಕೆಲವು ಲಕ್ಷಣ ಕಂಡರೆ ನಾಳೆ ಎನ್ನಬಾರದು. ಮೂತ್ರ ಕಟ್ಟಿಕೊಳ್ಳುವುದು, ಗೊತ್ತಿಲ್ಲದೆ ಮೂತ್ರ ಅಥವಾ ಮಲ ಹೋಗುವುದು, ಸೈಕಲ್ ಸೀಟು ತಾಗುವ ಭಾಗವೆಲ್ಲ ಜೋಮುಹಿಡಿಯುವುದು, ಪಾದ ಎತ್ತಲಾಗದೆ ಚಪ್ಪಲಿ ಜಾರುವುದು, ಕಾಲಿನ ಬಲ ದಿನದಿಂದ ದಿನಕ್ಕೆ ಇಳಿಯುವುದು. ಇವು ಕುದುರೆಬಾಲದ ನರಗಳು ಪೂರ್ತಿ ಅದುಮಿಹೋಗುತ್ತಿರುವ ಗುರುತು. ಆ ದಿನವೇ, ರಾತ್ರಿಯಾದರೂ ಸರಿ, ದೊಡ್ಡ ಆಸ್ಪತ್ರೆಗೆ ಹೋಗಬೇಕು. ತಡಮಾಡಿದಷ್ಟೂ ಹೋದ ಹತೋಟಿ ತಿರುಗಿ ಬರುವುದು ಕಷ್ಟ. ಮೂತ್ರದ ಮಾತು ಹೇಳಲು ನಮ್ಮವರು ನಾಚುತ್ತಾರೆ. ಇಲ್ಲಿ ನಾಚಿಕೆ ಸಲ್ಲದು. ಬೆನ್ನುನೋವಿನೊಡನೆ ಜ್ವರ, ತೂಕ ಇಳಿಯುವುದು, ರಾತ್ರಿ ಮಲಗಿದರೂ ಬಿಡದ ನೋವು ಇದ್ದರೆ ಬೆನ್ನೆಲುಬಿನ ಕ್ಷಯವಿರಬಹುದು. ಅದನ್ನೂ ಬೇಗ ತೋರಿಸಬೇಕು. ಇಕ್ಕಟ್ಟು ಕುತ್ತಿಗೆಯಲ್ಲಾದರೆ ಬೆನ್ನುಹುರಿಯೇ ಒತ್ತಿಹೋಗುತ್ತದೆ. ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸುವುದು, ಕೈಯಿಂದ ಲೋಟ ಜಾರುವುದು, ನಡಿಗೆ ತೂರಾಡುವುದು ಅದರ ಗುರುತು. ಅದು ಸೊಂಟದ್ದಕ್ಕಿಂತ ಅಪಾಯಕಾರಿ.

ಪರೀಕ್ಷೆಯ ವಿಷಯ. ರೋಗಿಯ ಮಾತು ಕೇಳಿ, ಕಾಲಿನ ಬಲ, ಸ್ಪರ್ಶ, ನಾಡಿ ನೋಡಿಯೇ ಡಾಕ್ಟರರಿಗೆ ಅರ್ಧ ತಿಳಿಯುತ್ತದೆ. ಎಕ್ಸ್‌ರೇಯಲ್ಲಿ ಎಲುಬು ಕಾಣುತ್ತದೆ, ನರ ಕಾಣುವುದಿಲ್ಲ. ನರವೂ ಗಾದಿಯೂ ಕಾಣಬೇಕಾದರೆ ಎಂಆರ್‌ಐ. ಆದರೆ ಒಂದು ಎಚ್ಚರಿಕೆ: ವಯಸ್ಸಾದವರಲ್ಲಿ ಅನೇಕರಿಗೆ ನೋವೇ ಇಲ್ಲದಿದ್ದರೂ ಚಿತ್ರದಲ್ಲಿ ಇಕ್ಕಟ್ಟು ಕಾಣುತ್ತದೆ. ಚಿಕಿತ್ಸೆ ಮನುಷ್ಯನಿಗೆ, ಚಿತ್ರಕ್ಕಲ್ಲ.

ಚಿಕಿತ್ಸೆಯಲ್ಲಿ ಮೊದಲನೆಯದು ಹೆದರದಿರುವುದು. ಸೊಂಟದ ಇಕ್ಕಟ್ಟು ಬಂದವರಲ್ಲಿ ಬಹುಮಂದಿಗೆ ಅದು ವರುಷಗಟ್ಟಲೆ ಇದ್ದ ಹಾಗೆಯೇ ಇರುತ್ತದೆ; ಕೆಲವರಿಗೆ ಕಡಿಮೆಯೂ ಆಗುತ್ತದೆ. ನಾಳೆಯೇ ಕಾಲು ಬಿದ್ದುಹೋಗುತ್ತದೆ ಎಂಬುದು ನಿಜವಲ್ಲ. ಎರಡನೆಯದು ವ್ಯಾಯಾಮ. ಬೆನ್ನ ಮೇಲೆ ಮಲಗಿ ಒಂದೊಂದಾಗಿ, ಆಮೇಲೆ ಎರಡೂ ಮೊಣಕಾಲುಗಳನ್ನು ಎದೆಗೆ ತಂದು ಹಿಡಿಯುವುದು, ಹೊಟ್ಟೆಯ ಸ್ನಾಯು ಗಟ್ಟಿಮಾಡುವುದು, ಸೈಕಲ್ ತುಳಿಯುವುದು, ಕೋಲು ಅಥವಾ ಕೊಡೆಯ ಆಸರೆಯಿಂದ ಸ್ವಲ್ಪ ಬಾಗಿ ನಡೆದು, ನೋವು ಬರುವ ಮೊದಲೇ ಕುಳಿತು, ಮತ್ತೆ ನಡೆಯುವುದು. ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗದಲ್ಲಿ ಒಮ್ಮೆ ಸರಿಯಾಗಿ ಕಲಿತುಕೊಂಡು ಮನೆಯಲ್ಲಿ ದಿನಾ ಮಾಡಬೇಕು. ಹಿಂದಕ್ಕೆ ಬಾಗುವ ವ್ಯಾಯಾಮ ಇವರಿಗೆ ಒಳ್ಳೆಯದಲ್ಲ. ಮಗ್ಗುಲಾಗಿ ಮೊಣಕಾಲು ಮಡಿಸಿ ಮಲಗಿದರೆ ಹಾಯೆನಿಸುತ್ತದೆ.

ನೋವಿನ ಗುಳಿಗೆ ಇಕ್ಕಟ್ಟನ್ನು ಬಿಡಿಸುವುದಿಲ್ಲ. ಪಾಳಿ ಮುಗಿಸಲಿಕ್ಕೆಂದು ಖಾಲಿ ಹೊಟ್ಟೆಯಲ್ಲಿ ದಿನಾ ಡೈಕ್ಲೋಫೆನಾಕ್ ನುಂಗುವವರು ನಮ್ಮಲ್ಲಿದ್ದಾರೆ. ಅದರಿಂದ ಹೊಟ್ಟೆಹುಣ್ಣು, ಮೂತ್ರಪಿಂಡಕ್ಕೆ ಹಾನಿ. ಸೊಂಟಪಟ್ಟಿ, ಎಣ್ಣೆ ನೀವುವುದು ಸ್ವಲ್ಪ ಹೊತ್ತು ಹಿತವಾಗಬಹುದು. ಬೆನ್ನು ತಿರುಚಿ ಲಟಕ್ಕೆನಿಸುವವರ ಕೈಗೆ ಮಾತ್ರ ಬೆನ್ನು ಕೊಡಬೇಡಿ. ಬೆನ್ನಿನೊಳಗೆ ಕೊಡುವ ಸ್ಟೆರಾಯ್ಡ್ ಇಂಜೆಕ್ಷನ್ನು ಕೆಲವರಿಗೆ ಕೆಲವು ವಾರ ಆರಾಮ ಕೊಡುತ್ತದೆ, ಬಹುಕಾಲ ನಿಲ್ಲುವುದಿಲ್ಲ.

ಇಷ್ಟಾದರೂ ನಡೆಯುವುದೇ ದುಸ್ತರವಾದರೆ, ಅಥವಾ ನರದ ಬಲ ಇಳಿಯುತ್ತಿದ್ದರೆ ಶಸ್ತ್ರಕ್ರಿಯೆ. ಮಣಿಯ ಹಿಂಭಾಗದ ಎಲುಬಿನ ತಗಡನ್ನೂ ದಪ್ಪಗಾದ ನಾರನ್ನೂ ತೆಗೆದು ನರಕ್ಕೆ ಜಾಗ ಮಾಡುವುದು. ಅಂದರೆ ಓಣಿಯ ಡ್ರಮ್ಮು ಕಪಾಟು ಎತ್ತಿಸುವುದು. ಇದರಿಂದ ಕಾಲುನೋವಿಗೆ ಹೆಚ್ಚು ಗುಣ, ಸೊಂಟನೋವಿಗೆ ಅಷ್ಟಿಲ್ಲ. ಸೋಂಕು, ನರದ ಹೊದಿಕೆ ಹರಿಯುವುದು, ರಕ್ತ ಹೆಪ್ಪುಗಟ್ಟುವುದು ಮುಂತಾದ ಅಪಾಯಗಳೂ ಉಂಟು. 2015ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪರೀಕ್ಷೆಯಲ್ಲಿ ಶಸ್ತ್ರಕ್ರಿಯೆಗೆ ಒಪ್ಪಿದ್ದ 169 ಮಂದಿಯಲ್ಲಿ ಒಂದು ಪಾಲಿಗೆ ಶಸ್ತ್ರಕ್ರಿಯೆಯನ್ನೂ ಇನ್ನೊಂದು ಪಾಲಿಗೆ ವ್ಯಾಯಾಮವನ್ನೂ ಗೊತ್ತುಮಾಡಿದರು. ಎರಡು ವರುಷದ ಮೇಲೆ ಎರಡು ಗುಂಪಿನವರ ಓಡಾಟವೂ ಸರಿಸುಮಾರು ಸಮವಾಗಿತ್ತು. ವ್ಯಾಯಾಮದ ಗುಂಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಡುವೆ ಶಸ್ತ್ರಕ್ರಿಯೆಗೆ ಹೋದರೆಂಬುದನ್ನೂ ಹೇಳಬೇಕು. ಅಂದರೆ ಅವಸರವಿಲ್ಲದವರು ಮೊದಲು ವ್ಯಾಯಾಮ ಮಾಡಿ ನೋಡಬಹುದು. ಆಗದಿದ್ದರೆ ಶಸ್ತ್ರಕ್ರಿಯೆಯ ಬಾಗಿಲು ಮುಚ್ಚಿರುವುದಿಲ್ಲ.

ದೋಸೆ ಅಣ್ಣನ ಮಗ ನಡುವೆ ಅವರನ್ನು ಒಂದು ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದ. ಅಲ್ಲಿ ಚಿತ್ರ ನೋಡಿ, ಮಣಿಗಳನ್ನು ಸ್ಕ್ರೂ ಹಾಕಿ ಬೆಸೆಯಬೇಕು, ಲಕ್ಷಗಟ್ಟಲೆ ಆಗುತ್ತದೆ ಎಂದರು. ಮಗ ಊರಿನ ಹಿತ್ತಲು ಅಡವಿಡಲು ಹೊರಟ. ನಾವು ಮುನಿಸಿಪಾಲಿಟಿ ಆಸ್ಪತ್ರೆಯ ಹಿರಿಯ ಡಾಕ್ಟರರನ್ನು ಕೇಳಿದೆವು. ಮಣಿ ಜಾರಿ ಅಲ್ಲಾಡುತ್ತಿದ್ದವರಿಗೆ ಬೆಸುಗೆ ಬೇಕಾಗಬಹುದು, ಇವರಿಗೆ ಬೇಡ ಎಂದರು. 2016ರಲ್ಲಿ ಪ್ರಕಟವಾದ ಸ್ವೀಡನ್ನಿನ ಪರೀಕ್ಷೆಯೂ ಇದನ್ನೇ ಹೇಳುತ್ತದೆ. 247 ರೋಗಿಗಳಲ್ಲಿ ಕೆಲವರಿಗೆ ಇಕ್ಕಟ್ಟು ಮಾತ್ರ ಬಿಡಿಸಿದರು, ಕೆಲವರಿಗೆ ಜತೆಗೆ ಬೆಸುಗೆಯನ್ನೂ ಮಾಡಿದರು. ಎರಡು ವರುಷದ ಮೇಲೆ ನೋಡಿದರೆ ಬೆಸೆದವರಿಗೆ ಹೆಚ್ಚಿನ ಗುಣವೇನೂ ಇರಲಿಲ್ಲ. ಆಸ್ಪತ್ರೆಯ ದಿನಗಳೂ ಖರ್ಚೂ ಮಾತ್ರ ಹೆಚ್ಚು. ಆದುದರಿಂದ ಹೊಲ ಮಾರುವ ಮೊದಲು ಎರಡನೆಯ ಡಾಕ್ಟರರನ್ನು ಕೇಳಿ. ‘ನನ್ನ ಮಣಿ ಜಾರಿದೆಯೇ? ಸ್ಕ್ರೂ ಏಕೆ ಬೇಕು?’ ಎಂದು ಕೇಳಲು ಹೆಚ್ಚು ಓದು ಬೇಡ.

ಇನ್ನು ನಮ್ಮ ಹಕ್ಕಿನ ವಿಷಯ. ಸಂಬಳದಲ್ಲಿ ಈಎಸ್‌ಐ ಹಣ ಹಿಡಿಯುತ್ತಾರೆಯೇ, ಹಿಡಿದದ್ದನ್ನು ಕಟ್ಟುತ್ತಾರೆಯೇ ಎಂದು ನೋಡಿಕೊಳ್ಳಿ. 2019ರ ಜುಲೈಯಲ್ಲಿ ಗೊತ್ತಾದ ದರದಂತೆ ಕೆಲಸಗಾರನದು ನೂರಕ್ಕೆ 75 ಪೈಸೆ, ಧಣಿಯದು ಮೂರೂಕಾಲು ರೂಪಾಯಿ. ಚಂದಾ ಸರಿಯಾಗಿ ಕಟ್ಟಿದ್ದರೆ, ಡಾಕ್ಟರರ ಚೀಟಿಯ ಮೇಲೆ ವರುಷಕ್ಕೆ 91 ದಿನಗಳವರೆಗೆ ಸಂಬಳದ ನೂರಕ್ಕೆ 70ರಷ್ಟು ಸಿಗುತ್ತದೆ. ಆ ಭತ್ಯೆ ಪಡೆಯುತ್ತಿರುವವನನ್ನು ಕೆಲಸದಿಂದ ತೆಗೆಯಬಾರದೆಂದು 1948ರ ಈಎಸ್‌ಐ ಕಾಯಿದೆಯ 73ನೆಯ ಕಲಮು ಹೇಳಿತ್ತು. ದೋಸೆ ಅಣ್ಣನನ್ನು ತೆಗೆದಾಗ ಆ ಕಾಯಿದೆ ಜಾರಿಯಲ್ಲಿಯೇ ಇತ್ತು. ಆದರೆ ಅವರ ಕೈಯಲ್ಲಿ ಡಾಕ್ಟರರ ಒಂದು ಚೀಟಿಯೂ ಇರಲಿಲ್ಲ. ಇದ್ದದ್ದು ನನ್ನ ತಮಾಷೆ ಒಂದೇ. ಆದುದರಿಂದ ಮೊದಲು ಡಾಕ್ಟರರ ಹತ್ತಿರ ಹೋಗಿ, ಆಮೇಲೆ ಸಂಘಕ್ಕೆ ಬನ್ನಿ. ಸಿಟ್ಟಿನಿಂದ ಲೆಕ್ಕ ಚುಕ್ತಾ ಮಾಡಿಸಿಕೊಂಡು ಹೋಗಬೇಡಿ.

ಇನ್ನೊಂದು ಮಾತು. ನಿಂತು ನಿಂತೇ ಈ ರೋಗ ಬರುತ್ತದೆಂದು ಡಾಕ್ಟರರು ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಮುಖ್ಯ ಕಾರಣ ವಯಸ್ಸು. ಆದರೆ ರೋಗ ಬಂದವನಿಗೆ ಕೂರದೆ ನಿಲ್ಲುವುದೇ ದೊಡ್ಡ ಹಿಂಸೆ. 1948ರ ಕಾರ್ಖಾನೆ ಕಾಯಿದೆಯ 44ನೆಯ ಕಲಮಿನಲ್ಲಿ, ನಿಂತು ಕೆಲಸಮಾಡುವವರಿಗೆ ಬಿಡುವು ಸಿಕ್ಕಾಗ ಕೂರಲು ಅನುಕೂಲ ಮಾಡಿಕೊಡಬೇಕೆಂದು ಬರೆದಿತ್ತು. ಸಾಂಚೆಯ ಮುಂದೆ ನಿಂತ ಹಿರಿಯರು ಇಲ್ಲಿದ್ದಾರೆ. ಅದು ಎಷ್ಟು ಪಾಲನೆಯಾಯಿತೆಂದು ಅವರೇ ಹೇಳಬೇಕು. 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಆದರೆ ಅಲ್ಲಿ ನಿಂತ ಕಾಲುಗಳು ನಮ್ಮ ನಡುವೆ ಇವೆ. ಹಿರಿಯರೇ, ‘ವಯಸ್ಸಾಯಿತು, ಇಷ್ಟೇ’ ಎಂದು ಸುಮ್ಮನಿರಬೇಡಿ, ತೋರಿಸಿಕೊಳ್ಳಿ. ಕೇರಳದಲ್ಲಿ ಬಟ್ಟೆ ಅಂಗಡಿಗಳ ಹೆಂಗಸರು ಹೋರಾಡಿ 2018ರಲ್ಲಿ ಅಂಗಡಿಗಳಲ್ಲಿ ಕೂರುವ ಹಕ್ಕನ್ನು ಕಾಯಿದೆಯಲ್ಲಿ ಸೇರಿಸಿಕೊಂಡರು. 2021ರಲ್ಲಿ ತಮಿಳುನಾಡಿನಲ್ಲಿಯೂ ಆಯಿತು. ನಾವು ಧಣಿಗಳಲ್ಲಿ ಕೇಳಬೇಕಾದ್ದು ದೊಡ್ಡದೇನಲ್ಲ. ಪ್ರತಿ ಅಡಿಗೆಮನೆಯಲ್ಲಿ ಒಂದು ಎತ್ತರದ ಸ್ಟೂಲು. ಕಾವಲಿಯ ಕೆಳಗೆ ಒಂದು ಗಿಡ್ಡ ಮಣೆ ಅಥವಾ ಇಟ್ಟಿಗೆ; ಒಂದು ಕಾಲನ್ನು ಅದರ ಮೇಲಿಟ್ಟು, ಆಗಾಗ ಬದಲಿಸುತ್ತಿದ್ದರೆ ಸೊಂಟ ಸಡಿಲವಾಗುತ್ತದೆ. ಕೆಲಸದ ನಡುವೆ ಆಗಾಗ ಎರಡು ಮಿನಿಟು ಕೂರಲು ಬಿಡುವು. ಮೂವತ್ತು ವರುಷ ದೋಸೆ ಹೊಯ್ದ ಕೈಯನ್ನು ಕಳಕೊಳ್ಳುವುದಕ್ಕಿಂತ ಒಂದು ಸ್ಟೂಲು ಅಗ್ಗವೆಂಬುದು ಧಣಿಗಳಿಗೂ ಲೆಕ್ಕಕ್ಕೆ ಬರುವ ಮಾತು.

ದೋಸೆ ಅಣ್ಣ ಆರು ತಿಂಗಳು ವ್ಯಾಯಾಮ ಮಾಡಿದರು, ಒಂದು ಇಂಜೆಕ್ಷನ್ನು ತೆಗೆದುಕೊಂಡರು, ಸಾಲದೆ ಕೊನೆಗೆ ಸ್ಕ್ರೂ ಇಲ್ಲದ ಶಸ್ತ್ರಕ್ರಿಯೆ ಮಾಡಿಸಿಕೊಂಡರು. ಕಾಲಿನ ನೋವು ಮುಕ್ಕಾಲು ಪಾಲು ಹೋಗಿದೆ, ಸೊಂಟದ್ದು ಇದೆ. ಸ್ಟೇಶನ್ನಿನಿಂದ ಖೋಲಿಗೆ ಈಗ ಒಂದೇ ಸಲ ಕೂರುತ್ತಾರೆ. ಕಾವಲಿಯ ಕೆಲಸ ಮತ್ತೆ ಸಿಗಲಿಲ್ಲ. ಬೇರೊಂದು ಹೋಟೆಲಿನಲ್ಲಿ ಸ್ಟೂಲಿನ ಮೇಲೆ ಕುಳಿತು ಪಾರ್ಸೆಲು ಕಟ್ಟುತ್ತಾರೆ. ಸಂಬಳ ಮೊದಲಿನದಕ್ಕಿಂತ ಕಡಿಮೆ. ನಾನು ಕ್ಷಮೆ ಕೇಳಿದಾಗ ಅವರು, ‘ನಿನಗೆ ಗೊತ್ತಿರಲಿಲ್ಲ ಮಾಣಿ, ನನಗೂ ಗೊತ್ತಿರಲಿಲ್ಲ. ಗೊತ್ತಾದದ್ದನ್ನು ನಾಲ್ಕು ಜನರಿಗೆ ಹೇಳು’ ಎಂದರು. ಅದಕ್ಕೆಂದೇ ಇಲ್ಲಿ ನಿಂತಿದ್ದೇನೆ.

ನಿಮ್ಮ ಹೋಟೆಲಿನಲ್ಲಿ ಯಾರಾದರೂ ಹತ್ತು ಹತ್ತು ಮಿನಿಟಿಗೆ ಡಬ್ಬ ಬೋರಲು ಹಾಕಿ ಕೂರುತ್ತಿದ್ದರೆ ನಗಬೇಡಿ, ನಗುವವರನ್ನು ತಡೆಯಿರಿ. ಆ ಮೂರು ಪ್ರಶ್ನೆಗಳನ್ನು ಕೇಳಿ. ಹೌದೆಂದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಒಬ್ಬರೇ ಹೋಗಲು ಹೆದರಿಕೆಯಾದರೆ ನನ್ನನ್ನು ಕರೆಯಿರಿ, ಸಾಲಿನಲ್ಲಿ ನಿಲ್ಲುವುದು ನನಗೆ ಅಭ್ಯಾಸವಾಗಿದೆ. ಸಭೆ ಮುಗಿದ ಮೇಲೆ ಬಾಗಿಲ ಬಳಿಯ ಮೇಜಿನ ಹತ್ತಿರ ಇರುತ್ತೇನೆ. ಅಲ್ಲಿ ಕೂರಲು ಕುರ್ಚಿಗಳನ್ನೂ ಹಾಕಿಸಿದ್ದೇವೆ.